ಬಾವಿ ಕಾಯುವವನ ಅಮಾನತು

ಬೆಳಗಾವಿಯ ಹಲವು ಮನೆಗಳಿಗೆ ಈಗ ಅಡುಗೆ ಅನಿಲ ಕೊಳವೆಯಲ್ಲೇ ಬರುತ್ತದೆ. ಸಿಲಿಂಡರಿಗಾಗಿ ಕಾಯುವ ತಾಪತ್ರಯವಿಲ್ಲ, ಗುಂಡಿ ತಿರುವಿದರೆ ಒಲೆ ಹತ್ತುತ್ತದೆ. ಈ ಅನಿಲ ನಮ್ಮ ಜಿಲ್ಲೆಯ ನೆಲದಲ್ಲಿ ಹುಟ್ಟಿದ್ದಲ್ಲ. 2013ರಲ್ಲಿ ಶುರುವಾದ ದಾಭೋಲ್-ಬೆಂಗಳೂರು ಕೊಳವೆ ಮಾರ್ಗ ಮಹಾರಾಷ್ಟ್ರದ ಕರಾವಳಿಯಿಂದ ಹೊರಟು ಬೆಳಗಾವಿ ಜಿಲ್ಲೆಯನ್ನು ಹಾಯ್ದು ಹೋಗುತ್ತದೆ. ದಾಭೋಲ್‌ಗೆ ಹಡಗಿನಲ್ಲಿ ಬಂದಿಳಿಯುವ ಅನಿಲದಲ್ಲಿ ದೂರದೇಶದ್ದೂ ಇದೆ. 2018ರ ಮಾರ್ಚ್‌ನಲ್ಲಿ ಅಮೆರಿಕದಿಂದ ಅಂಥ ಹಡಗೊಂದು ಅಲ್ಲಿಗೆ ಬಂತು. ನಾವು ಚಹಾ ಕಾಯಿಸುವ ಬೆಂಕಿಯ ಹಿಂದೆ ನಾವೆಂದೂ ನೋಡದ ಬಾವಿಯಿದೆ, ಅದನ್ನು ಹಗಲಿರುಳು ಕಾಯುವ ಮನುಷ್ಯನಿದ್ದಾನೆ.

ಅವನನ್ನು ಬಾವಿಯ ಮೇಲ್ವಿಚಾರಕ ಎನ್ನುತ್ತಾರೆ. ಒತ್ತಡದ ಮೀಟರು ಓದುವುದು, ಎಣ್ಣೆ, ಅನಿಲ, ನೀರನ್ನು ಬೇರ್ಪಡಿಸುವ ಯಂತ್ರ ಸರಿಯಿದೆಯೇ ಎಂದು ನೋಡುವುದು, ತೊಟ್ಟಿಯ ಮಟ್ಟ ಅಳೆಯುವುದು, ಎಲ್ಲಾದರೂ ಸೋರುತ್ತಿದೆಯೇ ಎಂದು ಪರೀಕ್ಷಿಸುವುದು, ಅಪಾಯದ ಕೆಲಸಗಳಿಗೆ ಲಿಖಿತ ಅನುಮತಿ ಕೊಡುವುದು, ಪಾಳಿ ಮುಗಿದಾಗ ಮುಂದಿನವನಿಗೆ ಎಲ್ಲವನ್ನೂ ತಿಳಿಸಿ ಒಪ್ಪಿಸುವುದು. ಕೊನೆಗೆ ಕಂಡದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕುವುದು. ಖಾನಾಪುರದ ಇಟ್ಟಿಗೆ, ಹೆಂಚಿನ ಭಟ್ಟಿಗಳಲ್ಲಿ ರಾತ್ರಿ ಬೆಂಕಿ ಕಾಯುವವರನ್ನು ಬಲ್ಲವರಿಗೆ ಈ ಕೆಲಸದ ಸ್ವಭಾವ ಗೊತ್ತು. ಊರು ಮಲಗಿದಾಗ ಒಬ್ಬ ಎಚ್ಚರವಾಗಿರಬೇಕು. ಅವನು ಕಣ್ಣು ಮುಚ್ಚಿದರೆ ತಕ್ಷಣ ಯಾರಿಗೂ ತಿಳಿಯುವುದಿಲ್ಲ. ಅರೆಬೆಂದ ಇಟ್ಟಿಗೆ ಯಾರದೋ ಮನೆಯ ಗೋಡೆ ಸೇರುತ್ತದೆ, ಅಷ್ಟೆ. ಎಣ್ಣೆ ಬಾವಿಯಲ್ಲಾದರೋ ಬೆಲೆ ತೆರುವುದು ಜೀವಗಳು.

ನಮ್ಮನ್ನು ಕಾಡುವ ಪ್ರಶ್ನೆ ಇದು: ಈ ಮನುಷ್ಯ ಯಾರಿಗೆ ಉತ್ತರ ಹೇಳಬೇಕು? ಸಂಬಳ ಕೊಡುವ ಕಂಪನಿಗೋ, ಅಥವಾ ತನ್ನ ಎಚ್ಚರವನ್ನು ನಂಬಿ ಬದುಕುತ್ತಿರುವ, ತನ್ನ ಹೆಸರೂ ಅರಿಯದ ಜನರಿಗೋ?

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ‘ಡೀಪ್‌ವಾಟರ್ ಹೊರೈಜನ್’ ಎಂಬ ಕೊರೆಯುವ ನೌಕೆಯಲ್ಲಿ, ಬಾವಿ ಭದ್ರವಾಗಿ ಮುಚ್ಚಿದೆಯೇ ಎಂದು ಪರೀಕ್ಷೆ ನಡೆಯುತ್ತಿತ್ತು. ಒತ್ತಡ ಸೊನ್ನೆಯಿರಬೇಕಿದ್ದ ಕೊಳವೆಯಲ್ಲಿ 1400 ಪಿಎಸ್‌ಐ ಕಾಣಿಸಿತು. ಪಕ್ಕದ ಇನ್ನೊಂದು ಕೊಳವೆಯಲ್ಲಿ ಒತ್ತಡವಿರಲಿಲ್ಲ. ಅಲ್ಲಿದ್ದವರು ಮೊದಲ ಅಂಕಿಗೆ ಏನೋ ಒಂದು ಕಾರಣ ಹುಡುಕಿಕೊಂಡು, ಎರಡನೆಯದನ್ನು ನಂಬಿದರು. ಕೆಲವೇ ಗಂಟೆಗಳಲ್ಲಿ ಬಾವಿ ಸಿಡಿಯಿತು. 11 ಕೆಲಸಗಾರರು ಸತ್ತರು. 87 ದಿನ ಎಣ್ಣೆ ಸಮುದ್ರ ಸೇರಿತು. ಇಬ್ಬರು ಮೇಲ್ವಿಚಾರಕರ ಮೇಲೆ ಸಾವಿಗೆ ಕಾರಣರಾದ ಆರೋಪ ಹೊರಿಸಲಾಯಿತು, 2015ರಲ್ಲಿ ಆ ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು. ಕಂಪನಿಗಳ ಆಡಳಿತದಲ್ಲೇ ಲೋಪವಿತ್ತು ಎಂದು ಅಮೆರಿಕದ ರಾಷ್ಟ್ರೀಯ ಆಯೋಗ 2011ರಲ್ಲೇ ಹೇಳಿತ್ತು.

ಆ ಇಬ್ಬರನ್ನು ದುಷ್ಟರೆನ್ನಲು ನಮಗೆ ಮನಸ್ಸಿಲ್ಲ. ಕೆಲಸ ವಾರಗಟ್ಟಲೆ ತಡವಾಗಿತ್ತು. ನೌಕೆಯ ಒಂದು ದಿನದ ಬಾಡಿಗೆಯೇ ಲಕ್ಷಗಟ್ಟಲೆ ಡಾಲರ್. ಬೇಕಾದ ಉತ್ತರ ಮನಸ್ಸಿನಲ್ಲಿ ಮೊದಲೇ ಕೂತಿದ್ದರೆ ಕಣ್ಣಿಗೆ ಕಂಡ ಅಂಕಿಯೂ ಬೇರೆ ಅರ್ಥ ಕೊಡುತ್ತದೆ. ನಾವೆಲ್ಲ ದಿನವೂ ಮಾಡುವ ತಪ್ಪೇ ಇದು.

ಕೆಲವು ಬಾವಿಗಳಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಬರುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಆಗ ನಾತ ಬರದಿರುವುದೇ ದೊಡ್ಡ ಅಪಾಯ. ಮನಸ್ಸಾಕ್ಷಿಯ ಗತಿಯೂ ಹಾಗೆಯೇ. ಮೊದಲ ಸಲ ಸುಳ್ಳು ಅಂಕಿ ಬರೆಯುವಾಗ ಕೈ ನಡುಗುತ್ತದೆ. ಹತ್ತನೆಯ ಸಲ ನಡುಗುವುದಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕೆ? 2020ರ ಮೇ 27ರಂದು ಅಸ್ಸಾಮಿನ ಬಾಘಜಾನ್‌ನಲ್ಲಿ ಆಯಿಲ್ ಇಂಡಿಯಾದ ಬಾವಿಯೊಂದು ದುರಸ್ತಿಯ ವೇಳೆ ಸಿಡಿಯಿತು. ಜೂನ್ 9ರಂದು ಅದಕ್ಕೆ ಬೆಂಕಿ ಹತ್ತಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಸಾವಿರಾರು ಜನ ಮನೆ ಬಿಟ್ಟು ಪರಿಹಾರ ಶಿಬಿರ ಸೇರಿದರು. ಬಾವಿ ತಣ್ಣಗಾದದ್ದು ನವೆಂಬರ್ 15ರಂದು. ಅಲ್ಲಿ ಬಾವಿಯ ಒಡೆತನ ಒಬ್ಬರದು, ಕೆಲಸದ ಗುತ್ತಿಗೆ ಇನ್ನೊಬ್ಬರದು. ಹೊಣೆಯನ್ನು ಹೀಗೆ ಹಂಚಿದಾಗ ಪ್ರತಿಯೊಬ್ಬನ ಪಾಲಿಗೂ ಸ್ವಲ್ಪ ಕಡಿಮೆಯಾಗುತ್ತದೆಂದು ನಾವು ಭಾವಿಸುತ್ತೇವೆ. ಹಣವನ್ನು ಹಂಚಬಹುದು, ಹೊಣೆಯನ್ನು ಹಾಗೆ ಹಂಚಲಾಗದು. ಸುಟ್ಟ ಮನೆಯವನಿಗೆ ಯಾರ ಪಾಲು ಎಷ್ಟು ಎಂಬ ಲೆಕ್ಕದಿಂದ ಏನು ಸಮಾಧಾನ?

ಹೇಳುವುದು ಸುಲಭ ಎಂದು ಓದುಗರು ಅನ್ನಬಹುದು. ಮನೆಯ ಸಾಲ, ಮಕ್ಕಳ ಫೀಸು ಹೊತ್ತವನು ಮೇಲಧಿಕಾರಿಯ ಎದುರು “ಕೆಲಸ ನಿಲ್ಲಿಸಿ” ಎಂದು ಹೇಗೆ ಹೇಳಬೇಕು? ನಿಲ್ಲಿಸಿದರೆ ನಷ್ಟದ ಲೆಕ್ಕ ಕೈಯಲ್ಲೇ ಸಿಗುತ್ತದೆ. ತಪ್ಪಿಹೋದ ಅನಾಹುತಕ್ಕೆ ಲೆಕ್ಕವಿಲ್ಲ, ಸಾಕ್ಷಿಯೂ ಇಲ್ಲ. ಅವನಿಗೆ ಸಿಗುವುದು ಅಂಜುಬುರುಕ ಎಂಬ ಹೆಸರು. ಈ ಮಾತು ನಿಜ. ಆದ್ದರಿಂದಲೇ ನಿಲ್ಲಿಸುವ ಅಧಿಕಾರವನ್ನು ಕಾಗದದ ಮೇಲೆ ಕೊಟ್ಟರೆ ಸಾಲದು, ಅದನ್ನು ಬಳಸಿದವನಿಗೆ ಕೆಡುಕಾಗದಂತೆ ನೋಡಿಕೊಳ್ಳುವುದು ಮೇಲಿನವರ ಹೊಣೆ. ಆದರೆ ಆ ದಿನ ಬರುವವರೆಗೂ ಒಂದು ಕೆಲಸ ಅವನ ಕೈಯಲ್ಲೇ ಉಳಿದಿರುತ್ತದೆ. ಕಂಡದ್ದನ್ನು ಕಂಡಂತೆ ಬರೆಯುವುದು. ಮೀಟರು 1400 ತೋರಿಸಿದರೆ 1400 ಎಂದೇ ಬರೆದು, ಕಾರಣ ತಿಳಿಯಲಿಲ್ಲವಾದರೆ ತಿಳಿಯಲಿಲ್ಲ ಎಂದು ಬರೆಯುವುದು. ಮುಂದಿನ ಪಾಳಿಯವನ ಜೀವ ಆ ಒಂದು ಸಾಲಿನ ಮೇಲೆ ನಿಂತಿರಬಹುದು.

ನಮ್ಮ ಕಚೇರಿಗಳ ಕನ್ನಡದಲ್ಲಿ ‘ಅಮಾನತು’ ಎಂದರೆ ತಪ್ಪು ಮಾಡಿದ ಆರೋಪದ ಮೇಲೆ ನೌಕರನನ್ನು ಕೆಲಸದಿಂದ ದೂರವಿಡುವುದು. ಅರಬಿ ಮೂಲದ ಈ ಶಬ್ದಕ್ಕೆ ಬೆಳಗಾವಿಯ ಉರ್ದು ಮಾತಿನ ಮನೆಗಳಲ್ಲಿ ಇಂದಿಗೂ ಇರುವ ಅರ್ಥ ಬೇರೆ: ನಂಬಿ ಒಪ್ಪಿಸಿದ್ದು, ಕೆಡದಂತೆ ಕಾದು ಒಡೆಯನಿಗೆ ಮರಳಿಸಬೇಕಾದದ್ದು. ಒಂದೇ ಶಬ್ದದಲ್ಲಿ ಹೊಣೆಯೂ ಇದೆ, ಹೊಣೆ ತಪ್ಪಿದವನ ಗತಿಯೂ ಇದೆ. ಕಚೇರಿ ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡಿತು.

ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕದ ಬಿರುಕು ಹುಡುಕುವವನಿಗೂ, ಖಾನಾಪುರದ ಭಟ್ಟಿ ಕಾಯುವವನಿಗೂ, ಕಡಲಾಚೆಯ ಬಾವಿಯ ಮೇಲ್ವಿಚಾರಕನಿಗೂ ಒಪ್ಪಿಸಿರುವುದು ಇಂಥ ಅಮಾನತನ್ನೇ. ನಾಳೆ ಒಲೆ ಹಚ್ಚುವಾಗ ಅವನನ್ನು ಒಮ್ಮೆ ನೆನೆಯೋಣ. ಜೊತೆಗೆ, ಯಾರೂ ನೋಡದ ಹೊತ್ತಿನಲ್ಲಿ ನಮ್ಮ ಪುಸ್ತಕದಲ್ಲಿ ನಾವು ಬರೆಯುತ್ತಿರುವ ಅಂಕಿ ಎಂಥದ್ದೆಂದು ಕೇಳಿಕೊಳ್ಳೋಣ.