ಕಲ್ಲು ಹೊರಬಂದ ಬಳಿಕ

ರೋಗವು ಒಂದು ಪರೀಕ್ಷೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಜುಮಾ ಪ್ರವಚನಗಳಲ್ಲಿ ಕೇಳಿದ್ದೇವೆ. ರೋಗಿಯ ಮಂಚದ ಬಳಿ ಕುಳಿತು ನಾವೇ ಇತರರಿಗೆ ಹೇಳಿದ್ದೇವೆ. ಆದರೆ ಗುಣವಾಗುವುದೂ ಒಂದು ಪರೀಕ್ಷೆಯೇ ಎಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ? ರೋಗಿಯ ಸಹನೆಯನ್ನು ನೋಡಲು ಬಂಧುಬಳಗವೆಲ್ಲ ಬರುತ್ತದೆ. ಗುಣವಾದವನ ಕೃತಜ್ಞತೆಯನ್ನು ನೋಡಲು ಯಾರೂ ಬರುವುದಿಲ್ಲ.

ಪಿತ್ತನಾಳದ ಕಲ್ಲನ್ನೇ ತೆಗೆದುಕೊಳ್ಳಿ. ಇಂದು ನಮ್ಮ ಕುಟುಂಬಗಳಲ್ಲಿ ಇದರ ಹೆಸರು ಕೇಳದವರು ಕಡಿಮೆ. ನಮ್ಮ ಯಕೃತ್ತು ದಿನವೊಂದಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸುತ್ತದೆ. ಅದರ ಅಡಿಯಲ್ಲಿರುವ ಪುಟ್ಟ ಚೀಲ, ಅಂದರೆ ಪಿತ್ತಕೋಶ, ಅದನ್ನು ಕೂಡಿಟ್ಟು ನಾವು ಉಂಡಾಗ ಕರುಳಿಗೆ ಕಳುಹಿಸುತ್ತದೆ. ಕಳುಹಿಸುವ ದಾರಿಯಾದರೋ ಸುಮಾರು 6 ಮಿಲಿಮೀಟರ್ ಅಗಲದ ಒಂದು ನಾಳ. ಅಂಥದೊಂದು ನಾಳ ತನ್ನೊಳಗಿದೆ ಎಂಬುದೇ ಆರೋಗ್ಯವಂತನಿಗೆ ತಿಳಿದಿರುವುದಿಲ್ಲ. ಚೀಲದಲ್ಲಿ ಬೆಳೆದ ಕಲ್ಲೊಂದು ಜಾರಿ ಅಲ್ಲಿ ಸಿಕ್ಕಿಬಿದ್ದ ರಾತ್ರಿ ತಿಳಿಯುತ್ತದೆ. ಎದೆಗೂಡಿನ ಕೆಳಗೆ ಬಲಭಾಗದಲ್ಲಿ ಹಿಂಡುವ ನೋವು, ವಾಂತಿ, ಬಳಿಕ ಕಣ್ಣು ಹಳದಿ, ಮೂತ್ರ ಕಪ್ಪು ಚಹಾದಂತೆ, ಮೈಯೆಲ್ಲ ತುರಿಕೆ.

ಇಲ್ಲಿ ಒಂದು ಮಾತನ್ನು ಹೇಳಿಯೇ ಮುಂದುವರಿಯಬೇಕು. ಕಣ್ಣು ಹಳದಿಯಾದೊಡನೆ ‘ಕಾಮಾಲೆ’ ಎಂದು ನಾವೇ ತೀರ್ಮಾನಿಸಿ, ನಾಟಿ ಮದ್ದು ಕುಡಿಸಿ, ಉಪ್ಪು-ಎಣ್ಣೆಯ ಪಥ್ಯ ಹಿಡಿಸಿ ವಾರಗಟ್ಟಲೆ ಕಾಯುವುದು ನಮ್ಮ ಊರುಗಳಲ್ಲಿ ರೂಢಿ. ನಾಳಕ್ಕೆ ಕಲ್ಲು ಅಡ್ಡ ನಿಂತಿದ್ದರೆ ಸೊಪ್ಪಿನ ರಸ ಅದನ್ನು ಸರಿಸದು. ನೋವಿನೊಂದಿಗೆ ಚಳಿಜ್ವರವೂ ಬಂತೆಂದರೆ ನಾಳದಲ್ಲಿ ಸೋಂಕು ಹತ್ತಿರಬಹುದು, ಆಗ ಗಂಟೆಗಳೂ ಅಮೂಲ್ಯ. ಚಿಕಿತ್ಸೆ ಮಾಡಿಸಿಕೊಳ್ಳುವಂತೆ ಪ್ರವಾದಿವರ್ಯರು(ಸ) ಜನರಿಗೆ ಸ್ಪಷ್ಟವಾಗಿ ಆದೇಶಿಸಿದ್ದಾರೆ. ಚಿಕಿತ್ಸೆಯನ್ನು ಮುಂದೂಡಿ ಅದಕ್ಕೆ ‘ಸಹನೆ’ ಎಂಬ ಹೆಸರಿಡುವುದು ಸಹನೆಗೂ ಅನ್ಯಾಯ.

ಆಸ್ಪತ್ರೆಯ ಆ ದಿನಗಳಲ್ಲಿ ಮನುಷ್ಯನು ಬಹಳ ಸಣ್ಣವನಾಗುತ್ತಾನೆ. ಬಾಯಿಗೆ ನೀರೂ ಇಲ್ಲ, ಕೈಗೆ ಡ್ರಿಪ್ಪು. ನೋಡಲು ಬಂದವರಲ್ಲಿ ಒಬ್ಬರಾದರೂ, ತಮ್ಮ ಚಿಕ್ಕಪ್ಪನಿಗೂ ಹೀಗೆಯೇ ಆಗಿ ಎಂಟನೇ ದಿನ ತೀರಿಕೊಂಡರೆಂದು ಹೇಳದೆ ಏಳುವುದಿಲ್ಲ. (ರೋಗಿಯ ಭೇಟಿ ಮಹಾ ಪುಣ್ಯಕಾರ್ಯ, ಆದರೆ ಬಾಯಿಗೆ ಬಂದುದನ್ನೆಲ್ಲ ಹೇಳುವುದು ಅದರ ಭಾಗವಲ್ಲ.) ಅಂಥ ಹೊತ್ತಿನಲ್ಲಿ ನಾಲಿಗೆಯಿಂದ ಹೊರಡುವ ‘ಯಾ ಅಲ್ಲಾಹ್’ ಎಂಬ ಕರೆಗೆ ಬೇರೆಯೇ ತೂಕವಿರುತ್ತದೆ.

ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರು ನಮಾಝ್‌ನ ಕುರಿತು ಕೇಳಿದಾಗ ಪ್ರವಾದಿ(ಸ)ಯವರು, ನಿಂತು ನಿರ್ವಹಿಸಬೇಕು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಎಂದು ತಿಳಿಸಿದರು. ಬುಖಾರಿ ಸಂಗ್ರಹದಲ್ಲಿ ಈ ವರದಿಯಿದೆ. ಡ್ರಿಪ್ಪಿದೆ, ಬಟ್ಟೆ ಶುದ್ಧವಿಲ್ಲ ಎಂದು ಆಸ್ಪತ್ರೆಯಲ್ಲಿ ನಮಾಝನ್ನೇ ಬಿಟ್ಟುಬಿಡುವವರು ಈ ಉದಾರ ರಿಯಾಯಿತಿಯನ್ನು ಮರೆಯುತ್ತಾರೆ. ಇನ್ನು ಯೂನುಸ್ ಅಧ್ಯಾಯದ 12ನೇ ವಚನವನ್ನು ತೆರೆದು ನೋಡಿ. ಅಲ್ಲಿಯೂ ಇದೇ ಮೂರು ಭಂಗಿಗಳಿವೆ, ಆದರೆ ಕ್ರಮ ತಿರುಗಿದೆ. ಕಷ್ಟ ಬಂದಾಗ ಮನುಷ್ಯನು ಮಲಗಿ, ಕುಳಿತು, ನಿಂತು ಅಲ್ಲಾಹನಿಗೆ ಮೊರೆಯಿಡುತ್ತಾನೆಂದೂ, ಕಷ್ಟ ಕಳೆದೊಡನೆ ಎಂದೂ ಮೊರೆಯಿಡದವನಂತೆ ನಡೆದುಬಿಡುತ್ತಾನೆಂದೂ ಅದರ ಆಶಯ. ಮಲಗುವುದು, ಕುಳಿತುಕೊಳ್ಳುವುದು, ನಿಲ್ಲುವುದು, ನಡೆಯುವುದು. ಓದುವಾಗ ಇದು ಚೇತರಿಸಿಕೊಳ್ಳುವ ರೋಗಿಯ ಕ್ರಮದಂತೆಯೇ ನನಗೆ ಕಾಣುತ್ತದೆ. ನಾವು ‘ದೇವರ ದಯೆ, ಈಗ ನಡೆಯುತ್ತಿದ್ದಾರೆ’ ಎಂದು ಸಂತೋಷಪಡುವ ಆ ನಾಲ್ಕನೇ ಹಂತದಲ್ಲೇ ಕುರ್‌ಆನ್ ಅಪಾಯವನ್ನು ತೋರಿಸುತ್ತದೆ.

ಹಾಗಾದರೆ ನೋವಿನಲ್ಲಿ ಮಾಡಿದ ಪ್ರಾರ್ಥನೆ ಸುಳ್ಳೇ? ಭಯದಿಂದ ಹುಟ್ಟಿದ ಭಕ್ತಿಗೆ ಬೆಲೆಯಿಲ್ಲ ಎನ್ನುವ ಬುದ್ಧಿವಂತರಿದ್ದಾರೆ. ನಾನು ಒಪ್ಪಲಾರೆ. ಸಂಕಟದಲ್ಲಿರುವವನ ಮೊರೆಗೆ ಓಗೊಡುವುದನ್ನು ಅಲ್ಲಾಹನು ತನ್ನ ವಿಶೇಷ ಗುಣವಾಗಿ ಹೇಳಿಕೊಂಡಿರುವಾಗ (27:62) ಅದನ್ನು ಅಲ್ಲಗಳೆಯಲು ನಾವು ಯಾರು? ಆ ಪ್ರಾರ್ಥನೆ ಆ ಕ್ಷಣಕ್ಕೆ ನಿಜವೇ. ಆದರೆ ಸಾಲಪತ್ರಕ್ಕೆ ಹಾಕಿದ ಸಹಿಯೂ ಹಾಕುವಾಗ ನಿಜವೇ ಆಗಿರುತ್ತದೆ. ವಾಯಿದೆ ಬಂದಾಗ ಸಹಿ ಹಾಕಿದವನು ಏನು ಮಾಡುತ್ತಾನೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಹರಕೆಯ ವಿಷಯವೂ ಹೀಗೆಯೇ. ಹರಕೆಯು ವಿಧಿಯನ್ನು ಬದಲಿಸುವುದಿಲ್ಲ, ಜಿಪುಣನ ಕೈಯಿಂದ ಒಂದಷ್ಟು ಹೊರತೆಗೆಯುತ್ತದೆ ಅಷ್ಟೇ ಎಂಬರ್ಥದ ಹದೀಸ್ ಇದೆ. ಆದರೂ ಸತ್ಕಾರ್ಯದ ಹರಕೆ ಹೊತ್ತಮೇಲೆ ತೀರಿಸುವುದು ಕಡ್ಡಾಯ. ಈಗ ನೀವೇ ಯೋಚಿಸಿ. ತಂದೆ ತೀರಿಹೋಗಿ ಹದಿನೈದು ವರ್ಷಗಳಾದರೂ ಸಹೋದರಿಯ ಪಾಲನ್ನು ಕೊಡದ ಒಬ್ಬ ವ್ಯಕ್ತಿ ಆಸ್ಪತ್ರೆಯ ಮಂಚದಲ್ಲಿ, ‘ಅಲ್ಲಾಹನೇ, ಇದೊಂದು ಗುಣವಾದರೆ ತಂಗಿಯ ಪಾಲು ಕೊಟ್ಟುಬಿಡುತ್ತೇನೆ’ ಎನ್ನುತ್ತಾನೆ. ಕೇಳುವಾಗ ಮನ ಕರಗುತ್ತದೆ. ಆದರೆ ಅವನು ಅಲ್ಲಾಹನಿಗೆ ಕೊಡಹೊರಟಿರುವುದು ಏನನ್ನು? ಅವಳದನ್ನೇ! ತಂದೆಯ ಮರಣದ ದಿನದಿಂದಲೇ ಅದು ಅವಳದಾಗಿತ್ತು. ಇನ್ನೊಬ್ಬರ ಸೊತ್ತನ್ನು ಮುಂದಿಟ್ಟು ಸೃಷ್ಟಿಕರ್ತನೊಡನೆ ಚೌಕಾಶಿ ಮಾಡುವುದೆಂದರೆ ಇದೇ. ನಮ್ಮ ರೋಗಶಯ್ಯೆಯ ಹರಕೆಗಳಲ್ಲಿ ಹೆಚ್ಚಿನವು ಈ ಜಾತಿಯವು: ಸಾಲ ತೀರಿಸುತ್ತೇನೆ, ತಮ್ಮನೊಡನೆ ಮಾತಾಡುತ್ತೇನೆ, ಸುಬ್‌ಹ್ ನಮಾಝ್ ಬಿಡುವುದಿಲ್ಲ. ಇವೆಲ್ಲ ಹರಕೆಯಾಗುವ ಮೊದಲೇ ಬಾಕಿಯಿದ್ದವು. ಗುಣವಾದರೆ ಮಾತ್ರವಲ್ಲ, ಗುಣವಾಗದಿದ್ದರೂ ಅವನ್ನು ತೀರಿಸಬೇಕಿತ್ತು.

ಕಲ್ಲು ಹೊರಬರುತ್ತದೆ. ಇಂದು ಬಹುಪಾಲು ಮಂದಿಗೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಬಾಯಿಯ ಮೂಲಕ ಕೊಳವೆ ಇಳಿಸಿ, ನಾಳದ ಬಾಯನ್ನು ತುಸು ಕತ್ತರಿಸಿ ಕಲ್ಲನ್ನು ಎಳೆದು ತೆಗೆಯುತ್ತಾರೆ. ಇ.ಆರ್.ಸಿ.ಪಿ. ಎಂದು ವೈದ್ಯರು ಕರೆಯುವ ಈ ವಿಧಾನದಲ್ಲಿ ನಾಳದ ಬಾಯನ್ನು ಕತ್ತರಿಸುವ ಕ್ರಮವನ್ನು 1974ರಲ್ಲಿ ಜಪಾನಿನ ಮತ್ತು ಜರ್ಮನಿಯ ವೈದ್ಯರು ಪ್ರಕಟಿಸಿದರು. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂಬ ಬೋಧನೆಯನ್ನು ನಂಬುವ ನಮಗೆ, ಹೆಸರೂ ಗೊತ್ತಿಲ್ಲದ ಆ ವೈದ್ಯರ ಮೇಲೂ ಒಂದು ಋಣವಿದೆ.

ಎರಡು ದಿನಗಳಲ್ಲಿ ನೋವು ಮಾಯ, ಕಣ್ಣಿನ ಹಳದಿ ಮೆಲ್ಲನೆ ಇಳಿಯುತ್ತದೆ. ಆಗ ವೈದ್ಯರು ಎರಡು ಮಾತು ಹೇಳುತ್ತಾರೆ. ಕಲ್ಲು ಹುಟ್ಟಿದ ಚೀಲ ಒಳಗೇ ಇದೆ, ಅದನ್ನು ತೆಗೆಸದಿದ್ದರೆ ಮತ್ತೆ ಕಲ್ಲು ಜಾರಬಹುದು. ನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್ ಇಟ್ಟಿದ್ದರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಅದನ್ನು ತೆಗೆಸಬೇಕು ಅಥವಾ ಬದಲಿಸಬೇಕು, ಇಲ್ಲದಿದ್ದರೆ ಅದೇ ಕಟ್ಟಿಕೊಂಡು ಸೋಂಕು ತರಬಹುದು. ಮನೆಗೆ ಬಂದವರು ಹೇಳುವುದೇನು? ‘ಈಗ ನೋವೇ ಇಲ್ಲವಲ್ಲ, ಮಳೆಗಾಲ ಕಳೆಯಲಿ.’ ತಂಗಿಯ ಪಾಲಿಗೂ ಇದೇ ಉತ್ತರ. ನೋವಿಲ್ಲದಿರುವುದನ್ನೇ ಗುಣವಾದುದೆಂದು ತಿಳಿಯುವ ಅಭ್ಯಾಸ ದೇಹದ ವಿಷಯದಲ್ಲಿ ಮಾತ್ರ ನಿಲ್ಲುವುದಿಲ್ಲ.

ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಸಹನೆ ಮತ್ತು ಕೃತಜ್ಞತೆಗಳನ್ನು ಒಂದೇ ಭಾಗದಲ್ಲಿ ಸೇರಿಸಿ ಚರ್ಚಿಸಿದ್ದಾರೆ. ಅರಿವು, ಮನಸ್ಸಿನ ಸ್ಥಿತಿ ಮತ್ತು ಕರ್ಮ, ಈ ಮೂರೂ ಸೇರಿದರೆ ಕೃತಜ್ಞತೆ ಎಂಬುದು ಅವರ ವಿವರಣೆ. ಮನೆಗೆ ಬಂದ ದಿನ ಮೌಲಿದ್ ಓದಿಸಿ ನೆರೆಹೊರೆಗೆ ಬಿರಿಯಾನಿ ಹಂಚಿದರೆ ಇವುಗಳಲ್ಲಿ ಯಾವುದು ಮುಗಿಯುತ್ತದೆಂದು ನನಗೆ ತಿಳಿಯದು. ರೋಗಿಗಂತೂ ಆ ಬಿರಿಯಾನಿ ಕೆಲವು ವಾರ ವರ್ಜ್ಯವೇ.

ಪ್ರಿಯ ಓದುಗರೇ, ನೀವೋ ನಿಮ್ಮ ಮನೆಯವರೋ ಈಗಷ್ಟೇ ಆಸ್ಪತ್ರೆಯಿಂದ ಮರಳಿದ್ದರೆ ಡಿಸ್ಚಾರ್ಜ್ ಚೀಟಿಯನ್ನು ಕಪಾಟಿನೊಳಗೆ ಇಡಬೇಡಿ. ಮತ್ತೆ ಬರಬೇಕಾದ ದಿನಾಂಕವನ್ನು ಅದರಲ್ಲಿ ಬರೆದಿರುತ್ತಾರೆ. ಅದರ ಕೆಳಗಿನ ಖಾಲಿ ಜಾಗದಲ್ಲಿ, ಸಹೋದರಿಯನ್ನು ಕರೆದುಕೊಂಡು ನೋಂದಣಿ ಕಚೇರಿಗೆ ಹೋಗುವ ದಿನವನ್ನೂ ಬರೆದುಕೊಳ್ಳಿ. ಅದು ಮೊದಲಿನ ದಿನಾಂಕಕ್ಕಿಂತ ಮುಂಚಿನದಾಗಿರಲಿ.