ಗೋಡೆಯ ಪಾಠ

ಅಥಣಿ ಕಡೆಯ ಶಾಲೆಯೊಂದರಲ್ಲಿ ಭೂಕಂಪದ ಪಾಠ ಮಾಡುತ್ತಿದ್ದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಸುತ್ತಲಿನ ಸಾವಿರಾರು ಜನ ಸತ್ತದ್ದು ಕಲ್ಲು-ಮಣ್ಣಿನ ಗೋಡೆ, ಭಾರದ ಮಾಳಿಗೆ ಕುಸಿದು ಎಂದೆ.

“ನಮ್ಮನೀನೂ ಹಂಗ ಐತ್ರಿ ಸರ್,” ಎಂದಳೊಬ್ಬ ಹುಡುಗಿ.

ತಡವರಿಸಿದೆ. ಹೊಸ ಮನೆ ಕಟ್ಟಲಾಗದವರ ಮಗುವಿಗೆ ಇದನ್ನು ಹೇಳಿ ನಿದ್ದೆ ಕೆಡಿಸುವುದು ಸರಿಯೇ? ಆದರೆ ನಮ್ಮ ಕೃಷ್ಣೆಗೆ ನೀರು ತರುವ ಕೊಯ್ನಾ ಕಣಿವೆಯೇ 1967ರಲ್ಲಿ ನಡುಗಿತ್ತು. ನಾನು ಸುಮ್ಮನಿದ್ದರೆ ಆ ಗೋಡೆಯೇನೂ ಗಟ್ಟಿಯಾಗದು.

ಮರುದಿನ ಉಪಾಯಗಳನ್ನೂ ಹೇಳಿದೆ: ಮಾಳಿಗೆಯ ಮಣ್ಣಿನ ಹೊರೆ ಇಳಿಸುವುದು, ಗೋಡೆಯ ಎರಡೂ ಮುಖ ಹಿಡಿದಿಡುವ ಉದ್ದನೆಯ ಕಲ್ಲು ಕೂರಿಸುವುದು, ಬಾಗಿಲ ಮೇಲೆ ನಾಲ್ಕೂ ಗೋಡೆ ಸುತ್ತುವ ಕಾಂಕ್ರೀಟ್ ಪಟ್ಟಿ ಕೊಡುವುದು.

“ನಮ್ಮಪ್ಪಗ ಯಾರ ಹೇಳಬೇಕ್ರಿ?” ಎಂದಳು.

ಭಯವನ್ನು ಮಗುವಿನ ತಲೆಗೆ ಕಟ್ಟಿ ನಾನು ಕೈತೊಳೆದುಕೊಳ್ಳುವಂತಿರಲಿಲ್ಲ. ಆ ಸಂಜೆ ಅವಳ ಮನೆಗೆ ಹೊರಟೆ.