ತುಕ್ಕು ಯಾರದು, ಸವೆತ ಯಾರದು

ಹಳೆಯ ಕಾರೊಂದನ್ನು ಬಿಚ್ಚಿ ಹೊಸದರಂತೆ ಮಾಡಿಸಬೇಕೋ, ಇದ್ದ ಹಾಗೇ ಉಳಿಸಿಕೊಳ್ಳಬೇಕೋ ಎಂಬುದು ದುಡ್ಡಿದ್ದವರ ಹವ್ಯಾಸದ ಪ್ರಶ್ನೆ ಎಂದು ಬದಿಗಿಡುವವರೇ ಹೆಚ್ಚು. ಕುಂದಾಪುರದ ಸೀಮೆಯಲ್ಲಿ ಅದನ್ನು ಬದಿಗಿಡಲು ಬರುವುದಿಲ್ಲ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಮಳೆ ಬಿಟ್ಟ ಮೇಲೆ ಕಡಲ ಗಾಳಿ ಉಪ್ಪನ್ನು ಹೊತ್ತು ಬರುತ್ತದೆ. ಬೈಂದೂರಿನಿಂದ ಮರವಂತೆ ದಾಟಿ ಕೋಟ, ಬ್ರಹ್ಮಾವರದವರೆಗೆ ಹೆದ್ದಾರಿಯ ಪಡುವಲಲ್ಲಿರುವ ಯಾವ ಮನೆಯಲ್ಲೂ ಕಬ್ಬಿಣ ಸುಮ್ಮನಿರುವುದಿಲ್ಲ. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ತೇವ ತಗಡನ್ನು ತಿನ್ನುತ್ತದೆ, ತುಕ್ಕು ಉಬ್ಬಿ ಮೇಲಿನ ಬಣ್ಣವನ್ನು ಎಬ್ಬಿಸುತ್ತದೆ. ಏನೂ ನಿರ್ಧರಿಸದೆ ಕೂತರೆ ಗಾಳಿಯೇ ನಿರ್ಧರಿಸಿಬಿಡುತ್ತದೆ.

ಕೋಟದ ಬದಿಯ ಪರಿಚಿತರೊಬ್ಬರ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ನಿಂತಿದೆ. ಅವರ ತಂದೆ ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಕೊಂಡು, ಕೊನೆಗೆ ಊರಿಗೆ ಬರುವಾಗ ಓಡಿಸಿಕೊಂಡು ಬಂದ ಕಾರು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ತಯಾರಿಸಿದ ಈ ಮಾದರಿಯ ರೂಪ ಇಟಲಿಯ ಜೊವಾನಿ ಮಿಕೆಲೊಟ್ಟಿಯದು. ಇಂಗ್ಲೆಂಡಿನಲ್ಲಿ ಇದರದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಕಟ್ಟಿದರು. ಹೆರಾಲ್ಡಿನ ಬಾನೆಟ್ ಎತ್ತಿದರೆ ಮಡ್‌ಗಾರ್ಡು, ಹೆಡ್‌ಲೈಟುಗಳ ಸಮೇತ ಮುಂಭಾಗವೇ ಮುಂದಕ್ಕೆ ವಾಲಿ ನಿಲ್ಲುತ್ತದೆ. ಎಂಜಿನ್, ಮುಂಗಾಲಿ, ಸ್ಟಿಯರಿಂಗಿನ ಸರಳು ಎಲ್ಲವೂ ಕಣ್ಣೆದುರು ಬಯಲು. ಯಾವುದೂ ಮುಚ್ಚುಮರೆಯಿಲ್ಲದ ಅಂಥ ಕಾರು ನನಗೆ ಬಲು ಇಷ್ಟ.

ಆ ಕಾರಿನ ಎರಡು ಜಾಗಗಳನ್ನು ಹತ್ತಿರದಿಂದ ನೋಡಿದೆ. ಸ್ಟಿಯರಿಂಗಿನ ಮೇಲ್ಭಾಗದಲ್ಲಿ ಎರಡು ಕೈಗಳು ಕೂರುವ ಕಡೆ ಮಾತ್ರ ಮೈ ನುಣ್ಣಗಾಗಿದೆ, ಉಳಿದೆಡೆ ಮೊದಲಿನ ಒರಟು ಹಾಗೇ ಇದೆ. ಎಡಗಡೆಯ ಮ್ಯಾಟ್ ಎತ್ತಿದರೆ ನೆಲದ ತಗಡು ತೂತುಬಿದ್ದು ಕೆಳಗಿನ ಮಣ್ಣು ಕಾಣುತ್ತದೆ. ಎರಡೂ ಹಳತಾದ ಗುರುತುಗಳೇ, ಆದರೆ ಒಂದೇ ಜಾತಿಯವಲ್ಲ. ಮೊದಲನೆಯದನ್ನು ಮಾಡಿದ್ದು ಒಬ್ಬ ಮನುಷ್ಯ. ಆಗುಂಬೆ ಘಾಟಿ ಇಳಿಯುವಾಗ ಬಿಗಿಯಾಗಿ, ಬಯಲಿನಲ್ಲಿ ಸಡಿಲವಾಗಿ ಹಿಡಿದ ಅವನ ಕೈ. ಎರಡನೆಯದನ್ನು ಮಾಡಿದ್ದು ಅವನು ಓಡಿಸುವುದನ್ನು ನಿಲ್ಲಿಸಿದ ಮೇಲಿನ ವರ್ಷಗಳು. ಮನೆಯವರು ಎರಡನ್ನೂ ಒಟ್ಟಿಗೆ ಸೇರಿಸಿ ‘ಅಪ್ಪಯ್ಯನ ನೆನಪು’ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ತುಕ್ಕು ಅಪ್ಪಯ್ಯನದಲ್ಲ. ಅವರು ಇದ್ದಿದ್ದರೆ ಅದನ್ನು ಒಂದು ಮಳೆಗಾಲವೂ ಸಹಿಸುತ್ತಿರಲಿಲ್ಲ.

ಆದರೂ ಪರಿಚಿತರ ಸಂಕಟ ಸುಳ್ಳಲ್ಲ. ‘ಎಲ್ಲಾ ಹೊಸ್ತ್ ಮಾಡ್ರೆ ಅದ್ ಅಪ್ಪಯ್ಯನ್ ಕಾರ್ ಆಯಿ ಉಳಿತಾ? ಹಾಂಗೇ ಬಿಟ್ರೆ ಹುಡಿ ಆತ್ತ್. ಎಂತ ಮಾಡುದ್ ಹೇಳಿ’ ಎಂದು ಕೇಳಿದರು. ಎಷ್ಟು ಬದಲಾದ ಮೇಲೆ ಒಂದು ವಸ್ತು ಅದೇ ಆಗಿ ಉಳಿಯುವುದಿಲ್ಲ?

ಇದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ನ್ಯಾಯಾಲಯದ ಕಟಕಟೆಗೆ ಬಂದಿತ್ತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸನ್ನು ಬೆನ್ನುಬೆನ್ನಿಗೆ ಗೆದ್ದ ಬೆಂಟ್ಲಿ ಕಾರಿಗೆ ‘ಓಲ್ಡ್ ನಂಬರ್ ಒನ್’ ಎಂದು ಹೆಸರು. ಆಮೇಲೂ ಅದು ರೇಸಿಗಿಳಿಯಿತು, ಪ್ರತಿ ಬಾರಿಯೂ ಒಂದಿಷ್ಟು ಭಾಗಗಳು ಬದಲಾದವು, ಎಂಜಿನ್ ಬದಲಾಯಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅಪಘಾತಕ್ಕೀಡಾಗಿ ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡ. ಕಾರನ್ನು ಮತ್ತೆ ಕಟ್ಟಿದರು. ದಶಕಗಳ ನಂತರ ಒಂದು ಕೋಟಿ ಪೌಂಡಿಗೆ ಮಾರಾಟದ ಮಾತಾದಾಗ, ಇದು ಆ ಕಾರೇ ಅಲ್ಲ ಎಂದು ಕೊಳ್ಳುವವರು ಹಿಂದೆ ಸರಿದರು. ಗೆದ್ದ ದಿನದ ಲೋಹ ಅದರಲ್ಲಿ ಉಳಿದದ್ದು ತೀರಾ ಸ್ವಲ್ಪ. ಆದರೂ ನ್ಯಾಯಮೂರ್ತಿ ಆಟನ್ ಅದು ಓಲ್ಡ್ ನಂಬರ್ ಒನ್ ಎಂದೇ ತೀರ್ಪಿತ್ತರು. ಕಾರು ಒಮ್ಮೆಗೇ ಕಳೆದುಹೋಗಿ ಬೇರೊಂದು ಅದರ ಜಾಗಕ್ಕೆ ಬಂದಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ಹರಿದ ಚರಿತ್ರೆ ಎಲ್ಲಿಯೂ ಕಡಿದಿರಲಿಲ್ಲ. ಗುರುತು ಇರುವುದು ಲೋಹದಲ್ಲಲ್ಲ, ಬಿಟ್ಟೂಬಿಡದ ಬಾಳಿನಲ್ಲಿ ಎಂಬುದು ಆ ತೀರ್ಪಿನ ತಿರುಳು.

ನಮ್ಮ ಕರಾವಳಿಗೆ ಈ ಮಾತು ಹೊಸತೇನಲ್ಲ. ಬ್ರಹ್ಮಾವರ ತಾಲ್ಲೂಕಿನ ಶಿರಿಯಾರದ ಬಳಿ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನವಿದೆ. ಕೆಂಪು ಬಣ್ಣದ, ಆಳೆತ್ತರ ಮೀರಿದ, ಕಣ್ಣರಳಿಸಿ ನಿಂತ ಮರದ ಮೂರ್ತಿಗಳು ನೂರಕ್ಕೂ ಹೆಚ್ಚು. ಮೊದಲ ಬಾರಿ ಒಳಹೊಕ್ಕವರ ಎದೆ ಒಮ್ಮೆ ಝಲ್ಲೆನ್ನುತ್ತದೆ. ಇವು ಹಳೆಯ ಮೂರ್ತಿಗಳಲ್ಲ. ಮೊದಲಿನವು ಜೀರ್ಣವಾದಾಗ, 1960ರ ದಶಕದ ಜೀರ್ಣೋದ್ಧಾರದಲ್ಲಿ ಹೊಸದಾಗಿ ಕೆತ್ತಿ ನಿಲ್ಲಿಸಿದವು. ಹಳೆಯವುಗಳಲ್ಲಿ ಹಲವು ದೆಹಲಿಗೆ ಹೋದವು. ಇಂದಿಗೂ ಪ್ರಗತಿ ಮೈದಾನದ ಕರಕುಶಲ ವಸ್ತುಸಂಗ್ರಹಾಲಯದ ಹೆಮ್ಮೆ ಅವೇ. ಅಲ್ಲಿ ಬಣ್ಣ ಮಾಸಿದೆ, ಹಲಸಿನ ಮರದ ಎಳೆ ಬಿರಿದು ಕಾಣುತ್ತದೆ. ಕೆತ್ತಿದವನ ಉಳಿಯ ಓಟವನ್ನು ಓದಬೇಕೆಂದರೆ ದೆಹಲಿಗೇ ಹೋಗಬೇಕು.

ಹಾಗಾದರೆ ಅಸಲಿ ನಂದಿಕೇಶ್ವರ ಎಲ್ಲಿದ್ದಾನೆ? ಕಲಾವಿಮರ್ಶಕನನ್ನು ಕೇಳಿದರೆ ದೆಹಲಿಯಲ್ಲಿ ಎಂದಾನು. ಶಿರಿಯಾರದ ಹರಕೆ ಹೊತ್ತವಳಿಗೆ ಈ ಪ್ರಶ್ನೆಯೇ ಅರ್ಥವಾಗದು. ನಮ್ಮ ದೇವಸ್ಥಾನಗಳ ಕ್ರಮವನ್ನು ಬಲ್ಲವರಿಗೆ ಗೊತ್ತು: ಬಿಂಬ ಭಿನ್ನವಾದರೆ ಅದರ ಚೈತನ್ಯವನ್ನು ವಿಧಿಪೂರ್ವಕ ಕಲಶಕ್ಕೆ ತರುತ್ತಾರೆ, ಕೆಲಸ ಮುಗಿಯುವ ತನಕ ಬಾಲಾಲಯದಲ್ಲಿ ಪೂಜೆ ನಡೆಯುತ್ತದೆ, ಆಮೇಲೆ ಹೊಸ ಬಿಂಬಕ್ಕೆ ಪ್ರತಿಷ್ಠೆ, ಬ್ರಹ್ಮಕಲಶ. ನಡುವೆ ಒಂದು ದಿನವೂ ದೇವರು ಇಲ್ಲದ ದಿನವಿಲ್ಲ. ಒಡೆದ ಮೂರ್ತಿಯನ್ನು ನೀರಿಗೆ ಬಿಡುವುದು ಅನಾದರವಲ್ಲ, ಅದರ ಕೆಲಸ ಮುಗಿದದ್ದಕ್ಕೆ ಕೊಡುವ ಗೌರವ. ಇಂಗ್ಲೆಂಡಿನ ನ್ಯಾಯಾಲಯ ಕಾರಿನ ವಿಷಯದಲ್ಲಿ ಒಪ್ಪಿದ್ದನ್ನು ನಮ್ಮ ಹಳ್ಳಿ ಮೊದಲೇ ಆಚರಿಸುತ್ತಿತ್ತು.

ಆದರೆ ಇಲ್ಲಿಯೇ ನಿಂತರೆ ಅರ್ಧ ಸತ್ಯವಾಗುತ್ತದೆ. ಮೆಕ್ಕೆಕಟ್ಟಿನ ಹಳೆಯ ಮೂರ್ತಿಗಳೆಲ್ಲ ನೀರು ಸೇರಿದ್ದರೆ ಆ ಶಿಲ್ಪಿಗಳ ಕೈಯನ್ನು ನಾವು ಯಾರೂ ಕಾಣುತ್ತಿರಲಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಕಳೆದುಕೊಂಡದ್ದು ಕಡಿಮೆಯಲ್ಲ. ಮುರಕಲ್ಲಿನ ಗೋಡೆ ಕೆಡವಿ ಕಾಂಕ್ರೀಟು ಏರಿಸುವಾಗ ಮುಚ್ಚಿಗೆಯ ಕೆತ್ತನೆ ಕಟ್ಟಿಗೆಯಾಗಿದೆ, ಶಾಸನದ ಕಲ್ಲು ಮೆಟ್ಟಿಲಾಗಿದೆ. ಹೊಸತು ಮಾಡುವ ಹಕ್ಕು ದೇವಸ್ಥಾನಕ್ಕೆ ಇತ್ತು. ತೆಗೆದದ್ದನ್ನು ಜೋಪಾನ ಮಾಡುವ ಹೊಣೆಯೂ ಇತ್ತು. ಆ ಹೊಣೆಯನ್ನು ಮೆಕ್ಕೆಕಟ್ಟಿನ ಪರವಾಗಿ ದೆಹಲಿ ಹೊತ್ತುಕೊಂಡಿತು. ಎಲ್ಲ ಊರಿಗೂ ಅಂಥ ಭಾಗ್ಯವಿಲ್ಲ.

ಕುಂದಾಪುರದ ಮಗ್ಗುಲಲ್ಲೇ ಉಪ್ಪಿನಕುದ್ರುವಿದೆ. ಅಲ್ಲಿನ ಕಾಮತ್ ಮನೆತನದವರು ತಲೆಮಾರುಗಳಿಂದ ಯಕ್ಷಗಾನ ಗೊಂಬೆಗಳನ್ನು ಕುಣಿಸುತ್ತ ಬಂದಿದ್ದಾರೆ. ಕುಣಿಯುವ ಗೊಂಬೆಯ ದಾರ ಸವೆಯುತ್ತದೆ, ಬಟ್ಟೆ ಹರಿಯುತ್ತದೆ, ಬದಲಿಸಲೇಬೇಕು. ಬದಲಿಸದೆ ಕಾಪಾಡಬೇಕೆಂದರೆ ಕುಣಿಸುವುದನ್ನು ನಿಲ್ಲಿಸಬೇಕು.

ಕಾರಿನ ಮಟ್ಟಿಗೆ ನಮ್ಮ ಕಾನೂನು ಬಹುಮಟ್ಟಿಗೆ ಆ ನಿಲ್ಲಿಸುವ ದಾರಿಯನ್ನೇ ಹಿಡಿದಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, 50 ವರ್ಷ ದಾಟಿದ ಕಾರು ಅಥವಾ ಬೈಕು ಮೂಲ ಸ್ಥಿತಿಯಲ್ಲಿದ್ದು ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರದಿದ್ದರೆ ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಆದರೆ ಅದನ್ನು ರಸ್ತೆಗಿಳಿಸುವುದು ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲು ತುಂಬಿಸಲು, ರಿಪೇರಿಗೆ ಮಾತ್ರ. ಹಳತನ್ನು ಗೌರವಿಸುವ ನಿಯಮ ಇದು, ನಿಜ. ಆದರೆ ಸಂಜೆ ಮರವಂತೆಗೆ ಹೋಗಿ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ಇರುವ ಆ ರಸ್ತೆಯಲ್ಲಿ ಓಡಿಸಿಕೊಂಡು ಬರುವುದು ಈ ಪಟ್ಟಿಯಲ್ಲಿಲ್ಲ. ಕಾರು ಹುಟ್ಟಿದ್ದು ಅದಕ್ಕೇ ಅಲ್ಲವೇ?

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಒಪ್ಪಿಕೊಂಡಿರುವ ಟ್ಯುರಿನ್ ಸನ್ನದಿನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಒಂದು ಸಣ್ಣ ಸೂಚನೆ: ಬದಲಿಸಿದ ಭಾಗದ ಮೇಲೆ ಅದು ಬದಲಿ ಎಂಬ ಗುರುತು ಹಾಕಿಡಿ, ಮಾಡಿದ ಕೆಲಸವನ್ನೆಲ್ಲ ಬರೆದಿಡಿ. ಹೊಸತು ಹಳತಿನ ವೇಷ ಹಾಕಬಾರದು. ಕಾರನ್ನು ಪಳಪಳ ಹೊಳೆಯಿಸಿ ‘ಅಸಲಿ’ ಎಂದು ನಿಲ್ಲಿಸುವವರಲ್ಲಿ ನನಗೆ ಸರಿಕಾಣದ್ದು ಇದೇ. ಒಮ್ಮೆ ಕೆರೆದು ತೆಗೆದ ಮೂಲ ಬಣ್ಣವನ್ನು ಯಾವ ಗ್ಯಾರೇಜೂ ಹಿಂದಕ್ಕೆ ತಂದುಕೊಡಲಾರದು. ಬ್ರೇಕು ಹಾಗಲ್ಲ, ಹಳೆಯ ಬ್ರೇಕಿನ ರಬ್ಬರನ್ನು ಮೂಲದ್ದೆಂದು ಕಾಪಾಡುವುದು ಎದುರು ಬರುವವರ ಜೀವದ ಜೊತೆ ಆಡುವ ಆಟ.

ಹೀಗಾಗಿ ಪರಿಚಿತರಿಗೆ ನಾನು ಹೇಳಿದ್ದು ಇಷ್ಟು. ಭಾರ ಹೊರುವುದನ್ನೂ ಓಟವನ್ನು ನಿಲ್ಲಿಸುವುದನ್ನೂ ಹೊಸತು ಮಾಡಿಸಿ: ಚಾಸಿ, ನೆಲದ ತಗಡು, ಬ್ರೇಕು, ಟೈರು, ವೈರಿಂಗು. ಕೈ ತಾಗಿದ್ದನ್ನು ಮುಟ್ಟಬೇಡಿ: ಸ್ಟಿಯರಿಂಗು, ಸೀಟಿನ ರೆಕ್ಸಿನ್, ಬಾಗಿಲಿನ ಹಿಡಿ. ಬಿಚ್ಚಿದ್ದನ್ನೆಲ್ಲ ಹೆಸರು ಬರೆದು ಅಟ್ಟದಲ್ಲಿಡಿ. ಚಾಸಿಗೆ ಕೈಹಾಕಿದರೆ ವಿಎ ನಂಬರು ಸಿಗದೇ ಹೋಗಬಹುದು, ಅದನ್ನೂ ತಿಳಿದೇ ಮಾಡಿ.

ಅವರು ಒಪ್ಪಿದರು. ಮಳೆಗೆ ಮುಂಚೆ ತಗಡಿನ ಕೆಲಸ ಮುಗಿಸಿಕೊಡುತ್ತೇನೆಂದು ಟಿಂಕರಿಂಗ್ ಮೇಸ್ತ್ರಿಯೂ ಮಾತು ಕೊಟ್ಟಿದ್ದಾರೆ. ಒಪ್ಪದೆ ಉಳಿದವರು ಅವರ ತಂಗಿ. ಹೊರಗಿನ ಮಾಸಿದ ಬಣ್ಣವನ್ನು ಹಾಗೇ ಬಿಡಬಾರದು, ಹೊಸದಾಗಿ ಹೊಡೆಸಲೇಬೇಕು ಎನ್ನುತ್ತಾರೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬಿಸಿಲು ಕಾಣದ ಮೂಲ ಬಣ್ಣ ಇನ್ನೂ ಇದೆ, ಅದಕ್ಕೆ ಸರಿಹೊಂದಿಸಿ ಬೆರೆಸಬಹುದು ಎಂಬುದೂ ಅವರಿಗೆ ಗೊತ್ತು. ಅವರ ಕಾರಣ ಇದು: ಅಪ್ಪಯ್ಯ ಪ್ರತಿ ಭಾನುವಾರ ಅದನ್ನು ತೊಳೆದು ಒರೆಸುತ್ತಿದ್ದರು, ತಾನು ಕಂಡ ಕಾರು ಮಾಸಿದ್ದಲ್ಲ, ಹೊಳೆಯುತ್ತಿದ್ದದ್ದು, ಮಾಸಿದ ಬಣ್ಣವೂ ತುಕ್ಕಿನ ಹಾಗೆ ಅವರು ಕೈಬಿಟ್ಟ ಮೇಲೆ ಬಂದದ್ದೇ ಅಲ್ಲವೇ. ನಾನು ಮಾಡಿದ ವಿಂಗಡಣೆಯನ್ನೇ ನನ್ನ ಮುಂದಿಟ್ಟಿದ್ದಾರೆ. ಅವರಿಗೆ ಕೊಡಲು ನನ್ನಲ್ಲಿ ಇನ್ನೂ ಉತ್ತರವಿಲ್ಲ, ಬಣ್ಣದ ಕೆಲಸವನ್ನು ದೀಪಾವಳಿಯ ತನಕ ಮುಂದೂಡಲಾಗಿದೆ.